ಖಾರದ ಯಂತ್ರಕ್ಕೆ ಮಾಲೀಕನದೇ ತಕರಾರು

ರೋಣದ ನಮ್ಮ ಓಣಿಯಲ್ಲಿ ಇಮೇಲ್ ಎಂದರೆ ನಾನೇ. ನಿವೃತ್ತ ಕನ್ನಡ ಮಾಸ್ತರನಾದರೂ ಕಂಪ್ಯೂಟರ್ ಬಲ್ಲವನೆಂಬ ಕೀರ್ತಿ ನನಗಿತ್ತು. ನನ್ನ ಮೇಲ್, ಹೆಂಡತಿ ಶಾಂತಾಳ ಮೇಲ್, ಪಕ್ಕದ ಮನೆಯ ರಾಜೇಸಾಬನ ಮೇಲ್, ಮೂರನ್ನೂ ಒಂದೇ ಪ್ರೋಗ್ರಾಮಿನಲ್ಲಿ ಸೇರಿಸಿ ಸಕಲರ ಪತ್ರವ್ಯವಹಾರ ನಡೆಸುತ್ತಿದ್ದೆ. ರಾಜೇಸಾಬನ ಕರೆಂಟ್ ಬಿಲ್ಲನ್ನೂ ನಾನೇ ಓದಿ ಹೇಳಬೇಕು. ಇಷ್ಟು ಉಪಕಾರ ಮಾಡಿದವನ ಮೂಗಿಗೆ ಅವನು ಕೊಟ್ಟದ್ದೇನು? ನಮ್ಮ ಗೋಡೆಗೆ ಹತ್ತಿಕೊಂಡೇ ಖಾರ ಕುಟ್ಟುವ ಯಂತ್ರ ಹಾಕಿದ!

ಬೇಸಿಗೆ ಬಂತೆಂದರೆ ಸೂಡಿ, ಮುಶಿಗೇರಿಯಂಥ ಸುತ್ತಲಿನ ಊರುಗಳಿಂದೆಲ್ಲ ಒಣಮೆಣಸಿನಕಾಯಿ ಚೀಲ. ಪೇಪರ್ ಓದಿದರೆ ಸೀನು. ಊಟಕ್ಕೆ ಕುಂತರೆ ಸೀನು. ಪೂಜೆಗೆ ಕುಂತರೆ ದೇವರ ಮೇಲೇ ಸೀನು!

“ಎದುರಿಗೆ ಹೋಗಿ ಹೇಳ್ರಿ,” ಎಂದಳು ಶಾಂತಾ.

ಎದುರಿಗೆ ಹೇಳುವುದೆ? ನಮ್ಮ ಮನೆಯ ಖಾರವನ್ನು ಅವನು ಪುಕ್ಕಟೆ ಕುಟ್ಟಿಕೊಡುತ್ತಾನೆ! ಆದ್ದರಿಂದ ‘ನೊಂದ ನಾಗರಿಕ’ ಎಂಬ ಹೆಸರಿನಲ್ಲಿ ಇನ್ನೊಂದು ಮೇಲ್ ತೆರೆದು, ಅದನ್ನೂ ಅದೇ ಪ್ರೋಗ್ರಾಮಿಗೆ ಸೇರಿಸಿ, ಪುರಸಭೆಗೆ ಬರೆದೆ: ‘ಸದರಿ ಯಂತ್ರದ ನಾಸಿಕಪೀಡನೆಯಿಂದ ನಾಗರಿಕರ ಬದುಕು ಅಸಹನೀಯವಾಗಿದೆ. ಕೂಡಲೇ ಬೀಗ ಜಡಿಯಬೇಕು.’ ಕಳಿಸಿ, ಗೆದ್ದವನಂತೆ ಚಹಾ ಕುಡಿದೆ.

ಪುರಸಭೆಯ ಸಾಹೇಬರು ಬಂದರು. ಕೈಯಲ್ಲಿ ನನ್ನ ಪತ್ರದ ಪ್ರಿಂಟು. ನಾನು ಏನೂ ಅರಿಯದವನಂತೆ ಕಟ್ಟೆಯ ಮೇಲೆ ನಿಂತೆ.

“ರಾಜೇಸಾಬ್ರ, ನಿಮ್ಮ ಯಂತ್ರಕ್ಕ ಬೀಗ ಹಾಕ್ರಿ ಅಂತ ನೀವ ಬರದೀರಲ್ರಿ?”

“ನಾನಾ? ನನ್ನ ಹೊಟ್ಟಿ ಮ್ಯಾಲೆ ನಾನ ಕಲ್ಲ ಹಾಕ್ಕೋತೀನೇನ್ರಿ? ನನ್ನ ಮೇಲ್ ಎಲ್ಲಾ ನಮ್ಮ ಮಾಸ್ತರ ನೋಡ್ತಾರ್ರಿ!”

ಆಗ ಹೊಳೆಯಿತು. ಪತ್ರ ಬರೆಯುವ ಮುಂಚೆ ಅವನ ಮೇಲ್ ತೆರೆದು ಕರೆಂಟ್ ಬಿಲ್ ನೋಡಿದ್ದೆ. ಆ ದರಿದ್ರ ಪ್ರೋಗ್ರಾಮು ಅವನ ಖಾತೆಯಿಂದಲೇ ಕಳಿಸಿಬಿಟ್ಟಿತ್ತು! ಒಂದು ಮಾತು ಕೇಳಬಾರದೆ? ಮೇಲುಗಡೆ ಹೆಸರು ತೋರಿಸಿತ್ತಂತೆ. ಅಷ್ಟು ಸಣ್ಣ ಅಕ್ಷರ ಕಾಣಲು ನಾನೇನು ಹದ್ದೆ?

“ನಾಸಿಕಪೀಡನೆ ಅಂತ ಊರಾಗ ನಮ್ಮ ಮನಿಯವರೊಬ್ರ ಅನ್ನೋದ್ರಿ,” ಎಂದು ಶಾಂತಾ ಪ್ರಿಂಟಿನಲ್ಲಿ ಇಣುಕಿ ಸಾಕ್ಷಿ ನುಡಿದಳು. ಕೈಹಿಡಿದವಳು!

ರಾಜೇಸಾಬನ ಮುಖ ಸಣ್ಣದಾಯಿತು. “ಮಾಸ್ತರ, ನನಗ ಒಂದ್ ಮಾತ ಹೇಳಿದ್ರ ಖಾರ ಹಾರದಂಗ ತಾಡಪತ್ರಿ ಮರಿ ಕಟ್ಟಸ್ತಿದ್ದಿಲ್ಲೇನ್ರಿ? ಈಗ ಸೀಜನ್ನಿನ್ಯಾಗ ಬೀಗ ಬಿದ್ರ ಹ್ಯಾಂಗ?”

ನಾಚಿಕೆಯಿಂದ ಕುಗ್ಗಿಹೋದೆ. ಅದೇ ಮೇಲ್‌ನಿಂದ ತಕರಾರು ವಾಪಸ್ ಪಡೆಯಿರಿ ಎಂದು ಹೇಳಿ ಸಾಹೇಬರು ಹೋದರು. ಈ ಸಲ ಕನ್ನಡಕ ಏರಿಸಿ, ರಾಜೇಸಾಬನ ಹೆಸರು ನೋಡಿಕೊಂಡೇ ಶುರು ಮಾಡಿದೆ. ಅರ್ಧಕ್ಕೆ ಬಂದಿದ್ದೆ, ಅಷ್ಟರಲ್ಲಿ ಶಾಂತಾ, “ನನ್ನ ಸೀರಿ ಪಾರ್ಸಲ್ ಎಲ್ಲಿ ಐತಿ, ಲಗೂ ನೋಡ್ರಿ,” ಎಂದಳು. ಅವಳ ಮೇಲ್ ತೆರೆದು ನೋಡುವ ಗಡಿಬಿಡಿಯಲ್ಲಿ ಬರೆದದ್ದೆಲ್ಲ ಅಳಿಸಿಹೋಯಿತು! ಸಿಟ್ಟಿನಿಂದ ಅಲ್ಲೇ ಹೊಸದಾಗಿ ಬರೆದೆ: ‘ನನ್ನ ಖಾರದ ಯಂತ್ರ ಸಂಪೂರ್ಣ ನಿರುಪದ್ರವಿ. ಅದನ್ನು ಮುಂದೆಯೂ ಹಗಲಿರುಳು ನಡೆಸುತ್ತೇನೆ.’ ಕಳಿಸಿದೆ.

ನೋಟಿಸು ಬಂತು. ಶಾಂತಾಳ ಹೆಸರಿಗೆ! ‘ಪರವಾನಗಿಯಿಲ್ಲದೆ ಖಾರದ ಯಂತ್ರ ನಡೆಸುತ್ತಿರುವ ಬಗ್ಗೆ ಕೂಡಲೇ ಸಮಜಾಯಿಷಿ ನೀಡಿ.’

“ಜನ್ಮದಾಗ ಮಿಕ್ಸರ್ ಬಿಟ್ಟು ಬ್ಯಾರೆ ಯಂತ್ರ ಮುಟ್ಟಿಲ್ಲ ನಾನು!” ಎಂದು ಅವಳು ನೋಟಿಸನ್ನು ನನ್ನ ಮೂಗಿಗೇ ಹಿಡಿದಳು.

ಮೂವರೂ ಪುರಸಭೆಗೆ ಹೋದೆವು. ಸಾಹೇಬರು ಎಲ್ಲ ಕೇಳಿ ಹಣೆ ಒತ್ತಿಕೊಂಡರು. “ಆತು. ನಡದದ್ದೆಲ್ಲಾ ಒಂದ ಮೇಲ್ ಮಾಡಿಬಿಡ್ರಿ ಮಾಸ್ತರ.”

“ಬ್ಯಾಡ್ರೀ!” ಶಾಂತಾ, ರಾಜೇಸಾಬ ಒಟ್ಟಿಗೇ ಚೀರಿದರು.

ಸಾಹೇಬರು ಬಿಳಿಹಾಳೆ, ಪೆನ್ನು ಕೊಟ್ಟರು. ದುಂಡಗಿನ ಅಕ್ಷರದಲ್ಲಿ ತಪ್ಪೊಪ್ಪಿಗೆ ಬರೆದೆ. ಕೊನೆಗೆ ಬಂದಾಗ ಪೆನ್ನು ನಿಂತಿತು. ನನಗೆ ನನ್ನ ಮೇಲೇ ನಂಬಿಕೆ ಉಳಿದಿರಲಿಲ್ಲ.

“ಸಾಹೇಬ್ರ,” ಎಂದೆ, “ಯಾರ ಸಹಿ ಮಾಡ್ಲಿ?”