ಕೇಳಿದ್ದನ್ನೇ ಕೇಳುವ ಕಾಕಾ

ಸೊಲ್ಲಾಪುರದಲ್ಲಿ ನಮ್ಮ ಕಾಕಾನಂಥ ಅಪನಂಬಿಕೆಯ ಮನುಷ್ಯ ಇನ್ನೊಬ್ಬನಿಲ್ಲ! ಯಾರ ಮೊದಲ ಉತ್ತರವನ್ನೂ ಅವನು ನಂಬುವುದಿಲ್ಲ. ಚಹಾ ಬೇಕೇನು ಎಂದು ಕೇಳುತ್ತಾನೆ. ಬೇಡ ಎಂದರೆ ಮತ್ತೆ ಕೇಳುತ್ತಾನೆ. ಬೇಕು ಎಂದರೂ ಮತ್ತೆ ಕೇಳುತ್ತಾನೆ! ಒಮ್ಮೆ ಟಾಂಗಾದವನನ್ನು ಸ್ಟೇಷನ್ನಿಗೆ ಬರುತ್ತೀಯೇನು ಎಂದು ಎಷ್ಟು ಸಲ ಕೇಳಿದನೆಂದರೆ, ಆ ಬಡಪಾಯಿ ಬೇರೆ ಸವಾರಿ ಹತ್ತಿಸಿಕೊಂಡು ಹೊರಟೇಹೋದ.

ಈ ಚಟ ಅಂಟಿದ್ದು ವಿಲಾಯತಿಯಲ್ಲಿ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಹೊಸ ಮಗ್ಗಗಳ ಕೆಲಸ ಕಲಿತು ಬರಲಿ ಎಂದು ಅಜ್ಜ ಅವನನ್ನು ಅಲ್ಲಿಯ ಬಟ್ಟೆ ಗಿರಣಿಯೊಂದಕ್ಕೆ ಕಳಿಸಿದ. ಮೊದಲು ಕೆಲವು ತಿಂಗಳು ನೋಡಿ, ಆಮೇಲೆ ಇಟ್ಟುಕೊಳ್ಳುವುದೆಂದು ಕರಾರು. ಇಡೀ ಪೇಟೆ ಸ್ಟೇಷನ್ನಿಗೆ ಬಂದು ಬೀಳ್ಕೊಟ್ಟಿತ್ತು. ಅರ್ಧಕ್ಕೇ ವಾಪಸು ಬಂದರೆ ಮುಖ ತೋರಿಸುವುದು ಹೇಗೆ? ಮುಂದಿನದೆಲ್ಲ ಕಾಕಾ ಹೇಳಿದ್ದು. ಪೂರ್ತಿ ನಂಬಬೇಡಿ, ಅವನ ಕಥೆಯಲ್ಲಿ ಗಿರಣಿಯ ಕೆಲಸಗಾರರ ಮೇಲಿನ ಮುಕಾದಮ ಪ್ರತಿ ಸಲವೂ ಒಂದು ಗೇಣು ಬೆಳೆಯುತ್ತಾನೆ.

ಇಳಿದುಕೊಂಡ ಮನೆಯ ಒಡತಿ, ಇನ್ನಷ್ಟು ಬ್ರೆಡ್ಡು ಬೇಕೇ ಎಂದಳು. ಕಾಕಾ ಬೇಡ ಎಂದ. ನಮ್ಮಲ್ಲಿ ಬೇಡ ಎಂದ ಮೇಲೆಯೇ ಅಲ್ಲವೇ ನಿಜವಾದ ಊಟ ಶುರುವಾಗುವುದು? ಆಕೆ ತಟ್ಟೆ ಎತ್ತಿಕೊಂಡು ಹೋದಳು! ಗಿರಣಿಯಲ್ಲಿ ಮುಕಾದಮ ಹರಿದ ಎಳೆ ಕಟ್ಟುವುದನ್ನು ತೋರಿಸಿ, ಇನ್ನೊಮ್ಮೆ ತೋರಿಸಲೇ ಎಂದ. ಹಿರಿಯರಿಗೆ ತ್ರಾಸು ಕೊಡುವುದುಂಟೇ? ಬೇಡ ಎಂದ. ದಿನವಿಡೀ ಎಳೆ ಹರಿಯಿತು, ಹೊಟ್ಟೆ ಹಸಿಯಿತು. ಒಂದೇ ಸಲ ಕೇಳಿ ನಂಬಿಬಿಡುವ ಜನ!

ಕರಾರಿನ ಕೊನೆಯ ದಿನ ಮುಕಾದಮ ಕರೆದು, ಮುಂದೆಯೂ ಇದ್ದು ಕಲಿಯುವ ಮನಸ್ಸಿದೆಯೇ ಎಂದು ಕೇಳಿದ. ಕಾಕಾ ಕೈಮುಗಿದು, ನಿಮಗೇಕೆ ತೊಂದರೆ, ಬೇಡ ಎಂದುಬಿಟ್ಟ. ಮುಕಾದಮ ಹಡಗಿನ ಏರ್ಪಾಡಿಗೆ ಹೊರಟ!

ಪಕ್ಕದ ಮಗ್ಗದ ಮುದುಕಿ ಅವನನ್ನು ತಡೆದಳು. ಈ ಹುಡುಗ ದಿನಾ ಚಹಾ ಬೇಡ ಎನ್ನುತ್ತಾನೆ, ಆಮೇಲೆ ನನ್ನ ಕಪ್ಪನ್ನೇ ನೋಡುತ್ತಾನೆ. ಮತ್ತೆ ಕೇಳು ಎಂದಳಂತೆ. ಎರಡನೆಯ ಸಲವೂ ಬೇಡ ಎಂದ ಕಾಕಾ, ಮೂರನೆಯ ಸಲಕ್ಕೆ ಕಣ್ಣು ತುಂಬಿಕೊಂಡು ಹ್ಞೂಂ ಎಂದ.

"ಆಕಿ ಇರ್ಲಿಲ್ಲಂದ್ರ ನಾ ಎಲ್ಲಿ ಇರ್ತಿದ್ದೆ?" ಎಂದು ಇವತ್ತಿಗೂ ಆ ಮುದುಕಿಗೆ ಕೈ ಮುಗಿಯುತ್ತಾನೆ, ವಿಲಾಯತಿ ಯಾವ ದಿಕ್ಕಿಗಿದೆ ಎಂಬುದನ್ನು ಮರೆತು ಅಕ್ಕಲಕೋಟೆಯ ಕಡೆಗೇ!

ಅಕ್ಕಲಕೋಟೆಯಲ್ಲಿ ನಮ್ಮ ಮನೆ. ಅಲ್ಲಿ ಒಂದು ದಿನ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಪಡಸಾಲೆಯಲ್ಲಿ ಕೂತಿದ್ದರು. ನನಗೆ ಪುಣೆಗೆ ಹೋಗಿ ಓದುವ ಆಸೆ. ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಒಪ್ಪಿಗೆಯೇ ಎಂದು ಅಪ್ಪ ಕೇಳಿದ. ಹ್ಞೂಂ ಎಂದೆ. ಎಲ್ಲರಿಗೂ ಅಷ್ಟು ಸಾಕಾಗಿತ್ತು. ಸೊಲ್ಲಾಪುರದಿಂದ ಬಂದಿದ್ದ ಕಾಕಾ ಮಾತ್ರ ಅಡುಗೆಮನೆಗೆ ಬಂದು ಮತ್ತೆ ಕೇಳಿದ. ಹ್ಞೂಂ ಎಂದೆ.

"ಅಂದಾಳಲ್ಲೋ ಮಾರಾಯಾ, ಇದೇನ್ ನಿನ್ನ ಗಿರಣಿ ಏನು?" ಎಂದು ಅವ್ವ ರೇಗಿದಳು.

ಅವನು ನನ್ನ ಮುಂದೆ ನೆಲದ ಮೇಲೆ ಕೂತ. "ಯಾರ ಸಲುವಾಗಿ ಹ್ಞೂಂ ಅನ್ನಾಕತ್ತೀಯವ್ವ?"

ನಾನು ಏನಾದರೂ ಹೇಳಿದೆನೇ? ತುಟಿಪಿಟಕ್ಕೆನ್ನಲಿಲ್ಲ ಎನ್ನುತ್ತಾಳೆ ಅವ್ವ. ನೀನೇ ಹೇಳಿದಿ ಎನ್ನುತ್ತಾನೆ ಕಾಕಾ. ನನಗೆ ನೆನಪಿರುವುದು ಅವನು ಎದ್ದು ಪಡಸಾಲೆಗೆ ಹೋದದ್ದು, ಬಂದವರ ಮುಂದೆ ತಲೆ ಬಾಗಿಸಿ ನಿಂತದ್ದು.

"ತಪ್ಪು ತಿಳಕೋಬ್ಯಾಡ್ರಿ. ನಮ್ಮ ಹುಡುಗಿ ಓದ್ತಾಳ್ರಿ."