ಮೂರನೇ ಲೆವೆಲ್ಲಿನ ಭಾವ

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರಬೇಕು ಎಂದು ನಂಬಿದವನು ನಾನು. ಪಕ್ಕದ ಮನೆಯವರು ಕಾರು ಕೊಂಡರು, ಜೊತೆಗೆ ಕೆಲಸ ಮಾಡುವವನಿಗೆ ಬಡ್ತಿ ಬಂತು, ನಮ್ಮ ಮಗನಿಗಿಂತ ತಮ್ಮನ ಮಗನಿಗೆ ಹೆಚ್ಚು ಅಂಕ ಬಂತು, ಇಂಥವಕ್ಕೆಲ್ಲ ಹೊಟ್ಟೆ ಉರಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಉರಿಯದಿದ್ದರೇ ಈ ಮನುಷ್ಯನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ವಿಚಾರಿಸುತ್ತಾರೆ. ಆದರೆ ನನಗೆ ಬಂದ ಹೊಟ್ಟೆಕಿಚ್ಚು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಇಲ್ಲದ ಒಂದು ಗುಹೆಯಲ್ಲಿ, ಇಲ್ಲದ ಒಂದು ಡ್ರ್ಯಾಗನ್ ಎದುರಿಗೆ, ಇಲ್ಲದ ಒಬ್ಬ ಮಾಂತ್ರಿಕನಿಗೆ ಸಿಗಬೇಕಾದ ಗೌರವ ಬೇರೆಯವರ ಪಾಲಾಯಿತು ಎಂದು ಡೊಂಬಿವಲಿಯ ಒಬ್ಬ ವಿಮಾ ಕಚೇರಿಯ ನೌಕರ, ತಲೆ ಅರ್ಧ ಬೆಳ್ಳಗಾದವನು, ವಾರವಿಡೀ ಊಟ ಸೇರದೆ ಕೊರಗಿದ ಎಂದರೆ ಯಾರು ನಂಬುತ್ತಾರೆ? ಊಟ ಸೇರಲಿಲ್ಲ ಎನ್ನುವುದನ್ನು ನನ್ನ ಹೆಂಡತಿಯೂ ಒಪ್ಪುವುದಿಲ್ಲ.

ಆಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಠಾಣೆ ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯ ಶೆಟ್ಟರದೊಂದು ಹೋಟೆಲಿದೆ. ಅದರ ಮಹಡಿಯ ಮೇಲಿನ ಫ್ಯಾಮಿಲಿ ರೂಮು ಭಾನುವಾರ ಊಟದ ಗಿರಾಕಿಗಳು ಎದ್ದ ಮೇಲೆ ಸಂಜೆಯ ತಿಂಡಿಯವರೆಗೆ ಖಾಲಿ. ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿ ಶೆಟ್ಟರು ಮನೆಯಲ್ಲಿ ಚಡಪಡಿಸುತ್ತಿದ್ದಾಗ ಅವರ ಮಗಳು ಪ್ರಜ್ಞಾ ಅಪ್ಪನ ಕೈಗೆ ಇಪ್ಪತ್ತು ಮುಖದ ದಾಳವೊಂದನ್ನು ಕೊಟ್ಟು ಕೂರಿಸಿದಳಂತೆ. ಶೆಟ್ಟರು ನನ್ನನ್ನು ಎಳೆದರು, ನಾನು ಕಲ್ಯಾಣದ ಪಾಟೀಲರನ್ನು ಎಳೆದೆ. ಪಾಟೀಲರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಮನೆಯಿಂದ ಹೊರಬೀಳಲು ಅವರಿಗೆ ಯಾವ ನೆಪವಾದರೂ ಸಾಕಿತ್ತು. ಈ ಆಟದಲ್ಲಿ ಇಸ್ಪೀಟಿನ ಎಲೆಯಿಲ್ಲ, ಪಗಡೆಯ ಕಾಯಿಯಿಲ್ಲ. ಪ್ರಜ್ಞಾ ಕಥೆ ಹೇಳುತ್ತಾಳೆ, ಅದರೊಳಗೆ ನಮಗೆ ಒಂದೊಂದು ಪಾತ್ರ. ಎದುರಿಗೆ ಕಾಡು ಬಂತು ಎಂದು ಅವಳು ಹೇಳಿದರೆ ಏನು ಮಾಡುತ್ತೇವೆ ಎಂದು ನಾವು ಹೇಳಬೇಕು, ಅದು ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಒಮ್ಮೆ ಬಾಯಿಂದ ಹೊರಟ ಮಾತು ಕಥೆಯಲ್ಲಿ ನಡೆದುಹೋದ ಹಾಗೆ, ಹಿಂದೆ ತೆಗೆದುಕೊಳ್ಳುವಂತಿಲ್ಲ. ಈ ವಿಷಯದಲ್ಲಿ ಪ್ರಜ್ಞಾ ಬಹಳ ಕಟ್ಟುನಿಟ್ಟು. ಶೆಟ್ಟರು ಗಂಡುಗೊಡಲಿ ಹಿಡಿದ ಯೋಧ, ಪಾಟೀಲರು ಗಾಯ ಮಾಯಿಸುವ ವೈದ್ಯ, ನಾನು ಅಗ್ನಿಕೇತನೆಂಬ ಮಾಂತ್ರಿಕ. ಗೆದ್ದಂತೆಲ್ಲ ಲೆವೆಲ್ ಏರುತ್ತದೆ. ಆಫೀಸಿನಲ್ಲಿ ಇಷ್ಟು ವರ್ಷ ಮಣ್ಣು ಹೊತ್ತು ನಾನು ಕಂಡ ಬಡ್ತಿ ಒಂದೇ. ಇಲ್ಲಿ ಹದಿನೇಳನೇ ಲೆವೆಲ್ಲಿಗೆ ಬಂದಿದ್ದೆ. ಮನಸ್ಸು ಮಾಡಿದರೆ ಸಮುದ್ರ ಸೀಳಬಲ್ಲೆ. ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತುವುದು ಮಾತ್ರ ಇನ್ನೂ ನನ್ನ ಶಕ್ತಿಗೆ ಮೀರಿದ್ದು.

ಇಷ್ಟು ವರ್ಷಗಳ ಕಥೆ ಕೊನೆಗೆ ಒಂದು ಡ್ರ್ಯಾಗನ್ ಹತ್ತಿರ ಬಂದು ನಿಂತಿತ್ತು. ಅದರ ಹೆಸರು ಧೂಮ್ರ. ಅದು ಮಲಗಿರುವ ಗುಡ್ಡ, ಗುಡ್ಡದ ಕೆಳಗೆ ಸಮುದ್ರದ ನೀರು ಒಳಕ್ಕೆ ಚಾಚಿದ ಖಾಡಿ, ಎಲ್ಲವನ್ನೂ ಪ್ರಜ್ಞಾ ಮುಂಬ್ರಾದ ಹತ್ತಿರ ರೈಲಿನ ಕಿಟಕಿಯಿಂದ ಕಂಡದ್ದನ್ನೇ ಎತ್ತಿಕೊಂಡು ಮಾಡಿದ್ದಳು. ಹಾಗಾಗಿ ಆಫೀಸಿಗೆ ಹೋಗುವಾಗಲೂ ಬರುವಾಗಲೂ ನನಗೆ ವೈರಿಯ ದರ್ಶನವಾಗುತ್ತಿತ್ತು. ಅಗ್ನಿಕೇತನ ಗುರುಕುಲವನ್ನು ಸುಟ್ಟದ್ದು ಆ ಧೂಮ್ರನೇ. ಅದರ ಎದುರು ನಿಂತು ಲೆಕ್ಕ ಕೇಳುವ ಹಕ್ಕು ನನ್ನದು ಎಂದು ಶೆಟ್ಟರೂ ಪಾಟೀಲರೂ ಯಾವತ್ತೋ ಒಪ್ಪಿಬಿಟ್ಟಿದ್ದರು. ಆಡಬೇಕಾದ ಮಾತುಗಳನ್ನು ನಾನು ತಿಂಗಳುಗಟ್ಟಲೆ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದ್ದೆ. ನನಗೆ ಇಳಿವಯಸ್ಸಿನಲ್ಲಿ ಭಕ್ತಿ ಬಂದಿದೆ ಎಂದು ಹೆಂಡತಿ ತನ್ನ ತವರಿಗೆ ಫೋನ್ ಮಾಡಿ ಹೇಳಿದ್ದಳು.

ಧೂಮ್ರನ ಎದುರು ನಿಲ್ಲಬೇಕಾದ ಭಾನುವಾರವೇ ಭಾವ ಬರಬೇಕೆ?

ಭಾವ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಲೋಕ ಷಡ್ಡಕ ಎನ್ನುತ್ತದೆ; ನಾನು ಬಾಯಲ್ಲಿ ಭಾವ ಎನ್ನುತ್ತೇನೆ, ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ಬರೆಯಲಾರೆ. ಅವರಿಗೆ ಭಿವಂಡಿಯಲ್ಲಿ ಗೋಡೌನುಗಳ ವ್ಯವಹಾರ, ಖಾರ್ಘರ್‌ನಲ್ಲಿ ಮನೆ. ಅವರ ಬಾಲ್ಕನಿಯಿಂದ ಗುಡ್ಡ ಕಾಣುತ್ತದೆ, ಮಳೆಗಾಲದಲ್ಲಿ ಜಲಪಾತವೂ ಕಾಣುತ್ತದೆ. ನಮ್ಮ ಬಾಲ್ಕನಿಯಿಂದ ಎದುರು ಬಿಲ್ಡಿಂಗಿನವರ ಲುಂಗಿ ಕಾಣುತ್ತದೆ. ಅದನ್ನಾದರೂ ಸಹಿಸಬಹುದು. ಧಾರವಾಡದ ಅತ್ತೆಯ ಮನೆಗೆ ಇಬ್ಬರು ಅಳಿಯಂದಿರೂ ಒಟ್ಟಿಗೆ ಹೋದರೆ ಮೊದಲ ಹೋಳಿಗೆ ಅವರಿಗೆ, ಗಾಳಿ ಬರುವ ಕೋಣೆ ಅವರಿಗೆ, ಫೋಟೋದಲ್ಲಿ ಅತ್ತೆಯ ಪಕ್ಕದ ಜಾಗ ಅವರಿಗೆ. ಹಿರಿಯ ಅಳಿಯ ಎನ್ನುವುದಕ್ಕಷ್ಟೇ ಅಲ್ಲ. ಅವರು ಒಳಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆಯ ಮೊಣಕಾಲಿನ ನೋವು ವಿಚಾರಿಸುತ್ತಾರೆ. ಅತ್ತೆಯ ಮುಖ ಅರಳುತ್ತದೆ. ನಾನೂ ಒಮ್ಮೆ ವಿಚಾರಿಸಿ ನೋಡಿದೆ. ಈಗ ಆರಾಮದೀನಿ ಎಂದು ಒಳಗೆ ಹೋಗಿಬಿಟ್ಟರು.

ಅಕ್ಕ ಊರಿಗೆ ಹೋಗಿದ್ದರಿಂದ ಭಾವ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುವುದೆಂದಾಯಿತು. ಊಟ ಮುಗಿದ ಕೂಡಲೇ ನಾನು ಹೊರಡಬೇಕು ಎಂದೆ. ಹೆಂಡತಿ ಲಟ್ಟಣಿಗೆ ಕೆಳಗಿಟ್ಟಳು. "ಮನಿಗೆ ಬಂದವರನ್ನ ಒಬ್ಬರನ್ನ ಕೂಡಿಸಿ ನೀವು ಆಟಕ್ಕ ಹೋದ್ರ ಛಲೋ ಕಾಣಸ್ತದೇನ್ರಿ? ಅವರನ್ನೂ ಕರಕೊಂಡು ಹೋಗ್ರಿ," ಎಂದಳು.

ಹದಿನೇಳನೇ ಲೆವೆಲ್ಲಿನವರು ಕೂತಲ್ಲಿಗೆ ಏನೂ ಗೊತ್ತಿಲ್ಲದವರನ್ನು ಹೇಗೆ ಕರೆದೊಯ್ಯುವುದು? ಡ್ರ್ಯಾಗನ್ ಒಮ್ಮೆ ಕೆಮ್ಮಿದರೆ ಹೊಸಬ ಬೂದಿ. ಅದು ನನಗೇನೂ ಅಡ್ಡಿಯಿಲ್ಲದ ಸಂಗತಿ, ಆದರೆ ಅತಿಥಿಯನ್ನು ಸುಟ್ಟು ಮನೆಗೆ ಕರೆತರುವುದು ಹೇಗೆ? ಪ್ರಜ್ಞಾಗೆ ಫೋನ್ ಮಾಡಿದೆ. ಅವರಿಗೂ ಒಂದು ದಿನದ ಮಟ್ಟಿಗೆ ಹದಿನೇಳನೇ ಲೆವೆಲ್ ಕೊಟ್ಟುಬಿಡೋಣ ಎಂದಳು. ನಾವು ಒಂದೊಂದೇ ಮೆಟ್ಟಿಲು ಹತ್ತಿ ಬಂದದ್ದು, ಭಾವ ಇಲ್ಲಿಯೂ ಲಿಫ್ಟಿನಲ್ಲಿ ಬರಬೇಕೆ? ಅದಕ್ಕೆ ನಾನು ನಮ್ಮ ಲೋಕಲ್ ರೈಲಿನ ನ್ಯಾಯ ಹೇಳಿದೆ. ಮೂವರ ಸೀಟಿನಲ್ಲಿ ನಾಲ್ಕನೆಯವನು ಬಂದು ನಿಂತರೆ ಉಳಿದವರು ಸರಿದು ಜಾಗ ಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಆ ನಾಲ್ಕನೆಯವನು ಅರ್ಧ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ ಕೂರಬೇಕು. ಕಿಟಕಿ ಕೇಳಬಾರದು. ಪ್ರಜ್ಞಾ ನಕ್ಕು ಒಪ್ಪಿದಳು. ಭಾವನಿಗೆ ಮೂರನೇ ಲೆವೆಲ್ಲಿನ ಜೇನು ಕೀಳುವ ಮಲ್ಲನ ಪಾತ್ರ; ಗುಹೆಯ ದಾರಿ ಬಲ್ಲವನು, ಯುದ್ಧಕ್ಕೆ ಇಳಿಯುವ ಹಾಗಿಲ್ಲ. ಅವನು ಬದುಕಿ ಉಳಿಯಲಿ ಎಂದು ನಾವು ಹಿರಿಯರು ಒಂದೊಂದು ವಸ್ತು ಕೊಡಬೇಕು. ಫೋನಿನಲ್ಲೇ ಶೆಟ್ಟರು ಗುರಾಣಿ ಕೊಟ್ಟರು, ಪಾಟೀಲರು ಮದ್ದು ಕೊಟ್ಟರು. ನನ್ನ ಹತ್ತಿರ ಬೆಂಕಿ ತಾಗದಂತೆ ಕಾಯುವ ಮಂತ್ರ ಒಂದೇ ಒಂದು ಉಳಿದಿತ್ತು, ನನಗೆಂದೇ ಜೋಪಾನ ಮಾಡಿಟ್ಟದ್ದು. ನಿಮ್ಮ ಗೆಸ್ಟ್ ತಾನೆ ಅಂಕಲ್ ಎಂದು ಪ್ರಜ್ಞಾ ಅದನ್ನು ಭಾವನಿಗೆ ಕೊಡಿಸಿದಳು.

ಭಾವನ ಕಾರಿನಲ್ಲೇ ಠಾಣೆಗೆ ಹೋದೆವು. ಮಹಡಿ ಹತ್ತಿದ ಸ್ವಲ್ಪ ಹೊತ್ತಿಗೆಲ್ಲ ಅವರು ಶೆಟ್ಟರ ಸಕ್ಕರೆಕಾಯಿಲೆ, ಪಾಟೀಲರ ಪಿಂಚಣಿ ಎರಡನ್ನೂ ವಿಚಾರಿಸಿ ಮುಗಿಸಿದ್ದರು. ಇಷ್ಟು ವರ್ಷ ಎದುರು ಕೂತ ನನಗೆ ಶೆಟ್ಟರಿಗೆ ಸಕ್ಕರೆಕಾಯಿಲೆ ಇರುವುದೇ ಗೊತ್ತಿರಲಿಲ್ಲ. ಆಟ ಶುರುವಾಯಿತು. ಮಲ್ಲ ದಾರಿ ತೋರಿಸಿದ, ನಾವು ನಡೆದೆವು. ಕಿಟಕಿಯ ಪರದೆ ಎಳೆದು ಪ್ರಜ್ಞಾ ದನಿ ತಗ್ಗಿಸಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಪೂರಾ ತಿಳಿಯುತ್ತದೆ, ಮಾತು ಹಿಂದಿಗೇ ಜಾರುತ್ತದೆ. ಹಾಗಾಗಿ ನಮ್ಮ ಧೂಮ್ರನೂ ಹಿಂದಿಯಲ್ಲೇ ಗುಡುಗುವುದು. ಒಬ್ಬನೇ ಒಬ್ಬ ಮುಂದೆ ಬರಲಿ, ಅವನ ಜೊತೆ ಮಾತ್ರ ಮಾತು, ಉಳಿದವರು ಕದಲಿದರೆ ಬೆಂಕಿ ಎಂದು ಗುಡುಗಿತು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. ಪಕ್ಕದಲ್ಲಿ ಭಾವ ಕೂತಿದ್ದರು. ಅಷ್ಟೇ. ಮದುವೆಯಾದ ದಿನದಿಂದ ಪಂಕ್ತಿಗೆ ಕೂರುವಾಗ, ಆರತಿಗೆ ಏಳುವಾಗ, ಬಾಗಿಲು ದಾಟುವಾಗ ಹಿರಿಯ ಅಳಿಯನನ್ನು ಮುಂದೆ ಬಿಟ್ಟು ರೂಢಿಯಾದ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

"ಭಾವ, ನೀವು ಮುಂದಾಗ್ರಿ," ಎಂದುಬಿಟ್ಟೆ.

ನಮ್ಮ ಕಡೆ ಈ ಉಪಚಾರಕ್ಕೆ ಎರಡು ಭಾಗ. ಒಬ್ಬ ನೀವು ಮುಂದಾಗಿ ಎನ್ನಬೇಕು, ಇನ್ನೊಬ್ಬ ಛೇ ಛೇ ನೀವೇ ಆಗಿ ಎನ್ನಬೇಕು. ಎರಡನೇ ಭಾಗವನ್ನು ಭಾವ ಈವರೆಗೆ ಒಮ್ಮೆಯೂ ಹೇಳಿದವರಲ್ಲ, ಅಂದೂ ಹೇಳಲಿಲ್ಲ. ನಾನು ಅವಸರದಿಂದ, ಅದು ಬರೀ ಮಾತಿಗೆ ಅಂದದ್ದು ಎಂದು ಪ್ರಜ್ಞಾಗೆ ವಿವರಿಸಹೊರಟೆ. ಅವಳಿಗೆ ಇಂಥದ್ದೆಲ್ಲ ಅರ್ಥವಾದರೆ ತಾನೆ?

"ಅಂಕಲ್, ಬೋಲ್ ದಿಯಾ ತೋ ಬೋಲ್ ದಿಯಾ," ಎಂದಳು. ಅಂದದ್ದು ಅಂದಾಯಿತು. ಮೂರನೇ ಲೆವೆಲ್ಲಿನ ಮಲ್ಲ ಡ್ರ್ಯಾಗನ್ ಮುಂದೆ ಹೋಗಿ ನಿಂತ.

ಮೊದಲು ಬೆಂಕಿ ಬಂತು. ಭಾವ ಬೂದಿಯಾಗಲಿಲ್ಲ, ನನ್ನ ಮಂತ್ರ ಅವರ ಮೈಮೇಲಿತ್ತಲ್ಲ. ಹೊಗೆ ಇಳಿದ ಮೇಲೆ ಭಾವ ಕುರ್ಚಿಯಲ್ಲಿ ಮುಂದೆ ಬಾಗಿ ಪ್ರಜ್ಞಾಳ ಮುಖ ನೋಡುತ್ತ, ಬಹಳ ಮೆತ್ತಗೆ ಕೇಳಿದರು: "ಈ ಬಂಗಾರದ ನಾಣ್ಯದ ರಾಶಿ ಮ್ಯಾಲೆ ಇಷ್ಟು ವರ್ಷ ಮಲಗೀರಲ್ಲ, ಮೊಣಕಾಲು ಹ್ಯಾಂಗದಾವ?"

ನನಗೆ ಎದ್ದು ನಿಂತು ಕೂಗಬೇಕೆನಿಸಿತು. ಇದು ಧಾರವಾಡದಲ್ಲಿ ಅತ್ತೆಗೆ ಹಾಕುವ ಪಟ್ಟು, ಮೋಸಹೋಗಬೇಡಿ ಎಂದು ಧೂಮ್ರನಿಗೆ ಹೇಳಬೇಕೆನಿಸಿತು. ಕದಲಿದರೆ ಬೆಂಕಿ. ನನ್ನ ಬಳಿ ಮಂತ್ರವೂ ಇರಲಿಲ್ಲ. ಪ್ರಜ್ಞಾ ದಾಳ ಉರುಳಿಸಲು ಹೇಳಿದಳು. ಇಪ್ಪತ್ತು ಬಿತ್ತು. ನೂರಾರು ವರ್ಷಗಳಲ್ಲಿ ತನ್ನನ್ನು ಕೊಲ್ಲಲು ಬಂದವರುಂಟು, ದೋಚಲು ಬಂದವರುಂಟು, ಮೊಣಕಾಲು ಕೇಳಿದವರು ಯಾರೂ ಇಲ್ಲ ಎಂದು ಧೂಮ್ರ ಕಣ್ಣೀರು ಸುರಿಸಿತು. ಸುಟ್ಟ ಗುರುಕುಲವನ್ನು ಕಟ್ಟಿಸಿಕೊಡಲು ಒಪ್ಪಿತು. ಶೆಟ್ಟರು ಮೇಜು ಕುಟ್ಟಿದರು. "ಎಂತಹ ಜನ ಮಾರಾಯ್ರೆ ನೀವು," ಎಂದು ಭಾವನ ಕೈ ಹಿಡಿದುಕೊಂಡರು. ಪಾಟೀಲರು ಮುಂದಿನ ಭಾನುವಾರವೂ ಬರಲೇಬೇಕು ಎಂದರು. ಬಚ್ಚಲುಮನೆಯಲ್ಲಿ ತಯಾರಾದ ನನ್ನ ಮಾತುಗಳನ್ನು ಯಾರೂ ಕೇಳಲಿಲ್ಲ. ದೋಸೆ ಬಂದಾಗ ಮೊದಲ ತಟ್ಟೆ ಭಾವನ ಮುಂದೆ ಇಟ್ಟರು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಅತ್ತೆಯ ಮನೆ ಹೋಯಿತು, ಹೋಗಲಿ. ಫೋಟೋದ ಜಾಗ ಹೋಯಿತು, ಹೋಗಲಿ. ಪ್ರಪಂಚದಲ್ಲಿ ನಾನು ಅವರಿಗಿಂತ ಮೇಲಿದ್ದ ಜಾಗ ಆ ಫ್ಯಾಮಿಲಿ ರೂಮು ಒಂದೇ. ಅದನ್ನೂ ಬಿಟ್ಟುಕೊಡಬೇಕೆ? ಬುಧವಾರ ಭಾವನ ಫೋನ್ ಬಂತು. ಭಾನುವಾರ ಎಷ್ಟಕ್ಕೆ ಬರಲಿ ಎಂದು ಮಗುವಿನ ಉತ್ಸಾಹದಲ್ಲಿ ಕೇಳಿದರು. ಈ ಭಾನುವಾರ ಹಳಿ ರಿಪೇರಿಗೆಂದು ರೈಲ್ವೆಯವರದು ಮೆಗಾ ಬ್ಲಾಕ್, ಪಾಟೀಲರಿಗೂ ನನಗೂ ಲೋಕಲ್ ಇಲ್ಲ, ಹಾಗಾಗಿ ಆಟವೇ ಇಲ್ಲ ಭಾವ ಎಂದೆ. ಮುಂಬಯಿಯಲ್ಲಿ ಮೆಗಾ ಬ್ಲಾಕ್ ಎಂದರೆ ಮದುವೆಯನ್ನೂ ತಪ್ಪಿಸಿಕೊಳ್ಳಬಹುದು. ಪಾಪ, ನಂಬಿದರು.

ಭಾನುವಾರ ನಾನು ಅದೇ ಲೋಕಲ್ ಹಿಡಿದು ಠಾಣೆಗೆ ಹೋದೆ. ಭಾವನಿಗೆ ಬಿಡುವಿಲ್ಲವಂತೆ ಎಂದು ಎಲ್ಲರಿಗೂ ಹೇಳಿ ನನ್ನ ಜಾಗದಲ್ಲಿ ಕಾಲು ಚಾಚಿ ಕೂತೆ. ಶೆಟ್ಟರ ಮುಖ ಸಣ್ಣಗಾಯಿತು. ಗುಹೆಯೊಳಗೆ ಧೂಮ್ರ ಕಣ್ಣು ತೆರೆದು, ಜೇನಿನವನು ಎಲ್ಲಿ ಎಂದು ಕೇಳಿತು. ಅವನು ಬಂದಿಲ್ಲ, ನಾನು ಅಗ್ನಿಕೇತ, ಹದಿನೇಳನೇ ಲೆವೆಲ್ಲಿನ ಮಾಂತ್ರಿಕ ಎಂದೆ. ಅದು ಮಗ್ಗುಲು ಬದಲಿಸಿ ಮಲಗಿತು. ಮತ್ತೆ ಎಬ್ಬಿಸಿದೆ. ದಾಳ ಎರಡು ತೋರಿಸಿತು. ಪಾಟೀಲರು ಆಕಳಿಸಿದರು. ನಿಜ ಹೇಳುತ್ತೇನೆ, ನಾನೂ ಒಂದು ಸಲ ಬಾಗಿಲ ಕಡೆ ನೋಡಿದೆ.

ಆಗಲೇ ಬಾಗಿಲು ತೆರೆಯಿತು. ಭಾವ ನಿಂತಿದ್ದರು. ಕೈಯಲ್ಲಿ ನಮ್ಮ ಮನೆಯ ಸ್ಟೀಲ್ ಡಬ್ಬಿ, ಮುಚ್ಚಳ ನೆಗ್ಗಿದ್ದು, ನನ್ನ ಹೆಂಡತಿ ಚಕ್ಕುಲಿ ಹಾಕಿಡುವಂಥದ್ದು. ನನಗೆ ಎಲ್ಲ ತಿಳಿದುಹೋಯಿತು. ಲೋಕಲ್ ಇಲ್ಲದೆ ನಾನು ಮನೆಯಲ್ಲಿ ಬೇಸರದಿಂದ ಕೂತಿರುತ್ತೇನೆ ಎಂದು ಈ ಪುಣ್ಯಾತ್ಮ ಖಾರ್ಘರ್‌ನಿಂದ ಡೊಂಬಿವಲಿಗೆ ಕಾರು ಓಡಿಸಿಕೊಂಡು ಬಂದಿದ್ದಾರೆ. ಆಟಕ್ಕೆ ಹೋದರಲ್ಲ ಎಂದು ಹೆಂಡತಿ ಹೇಳಿದ್ದಾಳೆ, ಹೇಳಿ ಚಕ್ಕುಲಿಯನ್ನೂ ಕೊಟ್ಟಿದ್ದಾಳೆ.

ಶೆಟ್ಟರು ಎದ್ದು ನಿಂತರು. "ನಿಮಗೆ ಬಿಡುವಿಲ್ಲ ಅಂತ ಹೇಳಿದ್ರಲ್ಲ ಇವರು?"

ಭಾವ ನನ್ನ ಕಡೆ ನೋಡಿದರು. ನಾನು ದಾಳದ ಮುಖಗಳನ್ನು ನೋಡುತ್ತ ಕೂತೆ. ನೆಲ ಬಾಯಿಬಿಟ್ಟರೆ ಒಳಗೆ ಹೋಗುವವನೇ, ಆದರೆ ಕೆಳಗೆ ಶೆಟ್ಟರ ಅಡುಗೆಮನೆಯಿತ್ತು.

"ಹೌದ್ರಿ, ಭಿವಂಡಿ ಗೋಡೌನಿಗೆ ಹೋಗೂದಿತ್ತು," ಎಂದರು ಭಾವ. "ಇಂವನ ಮುಂಜಾನೆ ಮತ್ತ ಫೋನ್ ಮಾಡಿದ. ನೀವಿಲ್ಲಂದ್ರ ಆಟ ನಡಿಯೂದಿಲ್ಲ ಭಾವ, ಹ್ಯಾಂಗರ ಮಾಡಿ ಬರ್ರಿ, ಆದರ ಯಾರಿಗೂ ಹೇಳಬ್ಯಾಡ್ರಿ, ಅವರಿಗೆ ಖುಷಿ ಆಗಲಿ ಅಂದ. ಅದಕ್ಕ ಬಿಟ್ಟು ಬಂದೆ."

ಶೆಟ್ಟರು ನನ್ನ ಬೆನ್ನು ತಟ್ಟಿದರು. ಪಾಟೀಲರ ಕಣ್ಣಲ್ಲಿ ನನ್ನ ಬಗ್ಗೆ ಹಿಂದೆಂದೂ ಕಾಣದ ಗೌರವ ಕಂಡೆ. ಇಷ್ಟು ದೊಡ್ಡ ಮನಸ್ಸಿಗೆ ಏನಾದರೂ ಕೊಡಲೇಬೇಕು ಎಂದು ಪ್ರಜ್ಞಾ ಅಲ್ಲಿಯೇ ಅಗ್ನಿಕೇತನನ್ನು ಹದಿನೆಂಟನೇ ಲೆವೆಲ್ಲಿಗೆ ಏರಿಸಿದಳು. ಭಾವ ನನ್ನ ಪಕ್ಕದ ಕುರ್ಚಿ ಎಳೆದು ಕೂತು, ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಮೆಗಾ ಬ್ಲಾಕಿನ ಮಾತನ್ನು ಇಂದಿಗೂ ಎತ್ತಿಲ್ಲ.

ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಚಕ್ಕುಲಿ ಮುರಿಯುವಷ್ಟು ಹೊತ್ತು. ಆಮೇಲೆ ನೋಡಿದರೆ ಒಳಗೆ ಮತ್ತೆ ಅದೇ ಉರಿ. ರೈಲ್ವೆ ಇಲಾಖೆಯನ್ನೇ ಎಳೆತಂದು, ಹಿಂದೆ ಮುಂದೆ ಯೋಚಿಸಿ ನಾನು ಕಟ್ಟಿದ ಸುಳ್ಳು ವಾರದೊಳಗೆ ಬಿದ್ದುಹೋಯಿತು. ಈ ಮನುಷ್ಯ ಬಾಗಿಲಲ್ಲಿ ನಿಂತಲ್ಲೇ ಹೇಳಿದ ಸುಳ್ಳು ಎಷ್ಟು ಚೆನ್ನಾಗಿತ್ತು! ಅಂಥದ್ದೊಂದು ನನಗೇಕೆ ಹೊಳೆಯುವುದಿಲ್ಲ?