ಮೊಂತಿ ಹಬ್ಬದ ಮಿಡತೆ

ಎಲ್ಲಕ್ಕೂ ಕಾರಣ ಒಂದು ಹೆಬ್ಬೆರಳು.

ಬೊನಿಫಾಸ್ ತೆಗೆದ ಫೋಟೋವನ್ನು ಅವನ ಹೆಂಡತಿ ಎಸ್ತೆರ್ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, "ಇದು ನಿಮ್ಮ ಹೆಬ್ಬೆರಳು" ಎಂದಳು.

ಬೊನಿಫಾಸ್ ಅದನ್ನು ಜೀರುಂಡೆ ಎಂದು ನಂಬಿದ್ದ. ದೊಡ್ಡದು ಮಾಡಿ ನೋಡಿದಾಗ ಉಗುರು ಕಾಣಿಸಿತು.

ಅದಕ್ಕೂ ಹಿಂದಿನ ಫೋಟೋಗಳ ಗತಿಯೂ ಹೆಚ್ಚುಕಡಿಮೆ ಇದೇ. ಗುಲಗಂಜಿ ಹುಳವನ್ನು ಎಸ್ತೆರ್ ಸಾಸ್ ಬಿದ್ದ ಕಲೆ ಎಂದಿದ್ದಳು. ಚಿಟ್ಟೆಯನ್ನು ಹಗ್ಗದ ಮೇಲೆ ಒಣಗಲು ಹಾಕಿದ ಟವೆಲ್ ಎಂದಿದ್ದಳು. ಕ್ಯಾಮೆರಾ ಒಳ್ಳೆಯದೇ. ಎಸ್ತೆರಳ ತಮ್ಮ ಬ್ರಯಾನ್ ಈ ಸಲ ಶಾರ್ಜಾದಿಂದ ರಜೆಗೆ ಬರುವಾಗ, ಹತ್ತಿರದ ಸಣ್ಣ ವಸ್ತುಗಳನ್ನು ದೊಡ್ಡದಾಗಿ ತೋರಿಸುವ ಲೆನ್ಸ್ ಸಮೇತ ತಂದು, "ನಿಮಗೆ ಇರಲಿ ಭಾವ" ಎಂದು ಕೊಟ್ಟದ್ದು. ಕೊಡಿಯಾಲ್‌ಬೈಲಿನ ಕಾಲೇಜೊಂದರ ಆಫೀಸಿನಲ್ಲಿ ದಿನವಿಡೀ ಅಂಕಪಟ್ಟಿಗಳಿಗೆ ಸೀಲು ಒತ್ತುವ ಬೊನಿಫಾಸ್‌ಗೆ, ಇನ್ನೂ ಸ್ವಲ್ಪ ಹತ್ತಿರ ಬಂದು ನೋಡು ಎಂದು ಹೇಳಿದ ಮೊದಲ ವಸ್ತು ಅದು. ಅಂದಿನಿಂದ ಅವನು ಬೆಳಿಗ್ಗೆ ಸಂಜೆ ಅಂಗಳದಲ್ಲಿ ಬೋರಲಾಗಿ ಮಲಗಿರುತ್ತಿದ್ದ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗುತ್ತಿತ್ತು.

"ನೋಡಿ, ಬ್ರಯಾನ್ ನಾಳೆ ಹಬ್ಬದ ಊಟ ಮಾಡಿ ಸಂಜೆ ಹೊರಡ್ತಾನೆ" ಎಂದಳು ಎಸ್ತೆರ್. "ಅಷ್ಟರೊಳಗೆ ಒಂದು ಫೋಟೋ ತೋರಿಸಿ. ಅದು ಎಂತ ಅಂತ ನೀವು ಹೇಳದೆ ನನಗೆ ಗೊತ್ತಾಗಬೇಕು. ಇಲ್ಲದಿದ್ರೆ ಕ್ಯಾಮೆರಾ ಅವನ ಬ್ಯಾಗಿಗೆ. ಪಾಪ, ಪ್ರೀತಿಯಿಂದ ತಂದದ್ದು, ಅವನಿಗಾದ್ರೂ ಉಪಯೋಗ ಆಗ್ಲಿ."

ಮರುದಿನ ಮೊಂತಿ ಹಬ್ಬ. ಮಾತೆ ಮೇರಿಯ ಹುಟ್ಟಿದ ದಿನ. ಬೊನಿಫಾಸ್ ಬೆಳಕು ಹರಿಯುವ ಮೊದಲೇ ಎದ್ದು ದಾಸವಾಳದ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಹೂವಿನ ಎಸಳನ್ನು ಯಾವುದೋ ಹುಳ ಅಂಚಿನಲ್ಲಿ ತಿಂದಿತ್ತು. ಆ ಹೂವಿನ ಮೇಲೆ ಉಗುರಿನಷ್ಟುದ್ದದ ಹಸಿರು ಮಿಡತೆ, ಮುಂಗಾಲೆರಡನ್ನೂ ಕೈಮುಗಿದ ಹಾಗೆ ಜೋಡಿಸಿಕೊಂಡು ಕೂತಿತ್ತು. ಬೊನಿಫಾಸ್ ಕ್ಯಾಮೆರಾವನ್ನು ಮೆಲ್ಲನೆ ಕಣ್ಣಿಗೆ ಎತ್ತಿದ.

"ಎಂತ ಬೊನಿಫಾಸಣ್ಣ, ಚಾವಿ ಬಿತ್ತಾ?"

ಕಂಪೌಂಡಿನಾಚೆಯಿಂದ ಜಮಾಲುದ್ದೀನ್. ಚಪ್ಪಲಿ ಅಂಗಡಿಯವರು, ಪರೋಪಕಾರಿ.

"ಚಾವಿ ಅಲ್ಲ, ಮಿಡತೆ" ಎಂದು ಬೊನಿಫಾಸ್ ಪಿಸುಗುಟ್ಟಿದ.

"ಎಂತ, ಕೇಳುದಿಲ್ಲ. ಇರಿ, ನಾನೇ ಬರ್ತೇನೆ." ಜಮಾಲುದ್ದೀನ್ ಗೇಟು ತೆಗೆದು ಬಂದವರೇ ಗಿಡದ ಬುಡ ಹಿಡಿದು ಮಾವಿನ ಮರ ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದರು. "ಕೊಂಬೆಗೆ ಸಿಕ್ಕಿದ್ರೆ ಈಗ ಬೀಳ್ತದೆ."

ಮಿಡತೆ ಹೂವಿನೊಳಗೆ ಅಡಗಿತು. ಅಷ್ಟರಲ್ಲಿ ಕ್ಯಾಮೆರಾದ ಬ್ಯಾಟರಿಯೂ ಮುಗಿಯಿತು. ಇನ್ನೊಂದು ಬ್ಯಾಟರಿ ತರಲು ಬೊನಿಫಾಸ್ ಒಳಗೆ ಓಡಿದ.

ಹಿಂದಿರುಗಿದಾಗ ಗಿಡದಲ್ಲಿ ಒಂದು ಹೂವೂ ಇರಲಿಲ್ಲ.

"ಎದುರು ಮನೆಯ ಜಾನೆಟ್ ಬಾಯಿ ಹೂವೆಲ್ಲ ಕೊಯ್ದುಕೊಂಡು ಹೋದ್ರು" ಎಂದರು ಜಮಾಲುದ್ದೀನ್ ಸಂತೋಷದಿಂದ. "ಮೇಲಿನ ಕೊಂಬೆ ಅವರಿಗೆ ಸಿಗ್ತಾ ಇರಲಿಲ್ಲ, ನಾನೇ ಬಗ್ಗಿಸಿ ಕೊಟ್ಟೆ."

ಯಾರನ್ನು ಬೈಯುವುದು? ಮೊಂತಿ ಹಬ್ಬ ಮುಗಿಯುವವರೆಗೆ ಆ ಓಣಿಯಲ್ಲಿ ಹೂವಿಗೆ ಯಜಮಾನರಿರುವುದಿಲ್ಲ. ಯಾರ ಅಂಗಳದ ಹೂವನ್ನು ಯಾರು ಬೇಕಾದರೂ ಕೊಯ್ದು ಬುಟ್ಟಿಗೆ ತುಂಬಬಹುದು. ಮಕ್ಕಳು ಅದನ್ನು ಚರ್ಚಿಗೆ ಒಯ್ದು ಹಾಡುತ್ತಾ ಬಾಲೆ ಮೇರಿಯ ಪ್ರತಿಮೆಗೆ ಅರ್ಪಿಸಬೇಕು. ಬೊನಿಫಾಸ್ ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು, ಕ್ಯಾಮೆರಾ ಕುತ್ತಿಗೆಗೆ ತೂಗುಹಾಕಿ ಚರ್ಚಿಗೆ ಧಾವಿಸಿದ.

ಆಗಲೇ ತಡವಾಗಿತ್ತು. ಓಣಿಓಣಿಯ ದಾಸವಾಳ, ಗೊಂಡೆ, ನಂದಿಬಟ್ಟಲು ಎಲ್ಲ ಪ್ರತಿಮೆಯ ಪಾದದಡಿ ಗುಡ್ಡೆ ಬಿದ್ದಿದ್ದವು. ಪೂಜೆ ಮುಗಿಯುವವರೆಗೆ ಬೊನಿಫಾಸ್ ಹೇಗೋ ತಡೆದುಕೊಂಡ. ಜನರೆಲ್ಲ ಆಶೀರ್ವದಿಸಿದ ಹೊಸ ತೆನೆ ಪಡೆಯಲು, ಮಕ್ಕಳು ಕಬ್ಬಿಗಾಗಿ ಸಾಲು ನಿಂತಾಗ, ಅವನು ಮೆಲ್ಲನೆ ಹೂವಿನ ಗುಡ್ಡೆಯ ಮುಂದೆ ಮೊಣಕಾಲೂರಿದ. ಹುಡುಕುತ್ತಾ ಬಗ್ಗಿದ. ಇನ್ನೂ ಬಗ್ಗಿದ. ಕೊನೆಗೆ ಅವನ ಹಣೆ ಹೂವಿಗೆ ತಾಗಿತು. ಗೊಂಡೆಯ ಘಾಟಿಗೆ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

ಇದನ್ನು ಚರ್ಚಿನ ವಾರ್ಡಿನ ಗುರ್ಕಾರ ಡೆನಿಸ್ ನೋಡಿದರು. ಮನೆಮನೆಯ ಕಷ್ಟಸುಖ ವಿಚಾರಿಸುವುದು ಗುರ್ಕಾರರ ಕೆಲಸ. ಪ್ರವಚನ ಶುರುವಾದೊಡನೆ ಹೊರಗೆ ಹೋಗಿ ಸ್ಕೂಟರಿಗೆ ಒರಗಿ ನಿಲ್ಲುವ ಬೊನಿಫಾಸ್ ಇವತ್ತು ಹೀಗೆ ಬಿದ್ದುಕೊಂಡು ಅಳುತ್ತಿದ್ದಾನೆಂದರೆ ಸಣ್ಣ ವಿಷಯವಲ್ಲ ಎಂದುಕೊಂಡು ಅವರು ಪಕ್ಕದಲ್ಲಿ ಮೊಣಕಾಲೂರಿದರು.

"ಮನೆಯಲ್ಲಿ ಎಂತಾದ್ರೂ ತೊಂದರೆ ಉಂಟಾ ಮಗ?"

"ಉಂಟು ಅಂಕಲ್" ಎಂದ ಬೊನಿಫಾಸ್ ತಲೆ ಎತ್ತದೆ. "ಸಂಜೆಯೊಳಗೆ ಸಿಗದಿದ್ರೆ ಎಲ್ಲ ಮುಗೀತದೆ."

"ದೇವರು ಕೊಡ್ತಾರೆ. ಎಷ್ಟು ಬೇಕು?"

"ಒಂದೇ. ಹಸಿರು."

ಡೆನಿಸ್‌ಗೆ ಅರ್ಥವಾಗಲಿಲ್ಲ. ಅತಿಯಾದ ದುಃಖದಲ್ಲಿ ಮಾತು ಹೀಗಾಗುವುದುಂಟು ಎಂದುಕೊಂಡು, ಭುಜದ ಮೇಲೆ ಕೈಯಿಟ್ಟು ಪ್ರಾರ್ಥಿಸತೊಡಗಿದರು. ಗುರ್ಕಾರರೇ ಮೊಣಕಾಲೂರಿದ್ದು ಕಂಡು ಇಬ್ಬರು ಹೆಂಗಸರು ಬಂದರು. ಅವರ ಹಿಂದೆ ಜಾನೆಟ್ ಬಾಯಿ. ಅವರ ಹಿಂದೆ ತೆನೆ ಹಿಡಿದುಕೊಂಡ ಅರ್ಧ ವಾರ್ಡು.

"ಎಂತ ಆದದ್ದು?"

"ಕೆಲಸ ಹೋಯ್ತಂತೆ."

"ಅಲ್ಲ ಮಾರಾಯ್ತಿ, ಕಾಮಾಲೆ. ಹಸಿರು ಹಸಿರು ಕಾಣ್ತದಂತೆ."

"ಅದಕ್ಕೆ ಹಳದಿ ಅಲ್ವಾ ಕಾಣುದು?"

"ಜೋರಾದ್ರೆ ಹಸಿರು."

ತೆನೆ ತೆಗೆದುಕೊಂಡು ಬಂದ ಎಸ್ತೆರಳ ಕೈಯನ್ನು ಜಾನೆಟ್ ಬಾಯಿ ಗಟ್ಟಿಯಾಗಿ ಹಿಡಿದು, "ಧೈರ್ಯ ಬಿಡ್ಬೇಡ ಎಸ್ತೆರ್. ನಾವೆಲ್ಲ ಇದ್ದೇವೆ" ಎಂದರು. ಎಸ್ತೆರ್ ಗಂಡನನ್ನು ನೋಡಿದಳು, ಅವನ ಕುತ್ತಿಗೆಯ ಕ್ಯಾಮೆರಾ ನೋಡಿದಳು, ತಾನೂ ಮೊಣಕಾಲೂರಿದಳು. ಅಷ್ಟು ಜನರ ಮುಂದೆ ಬೇರೆ ದಾರಿಯಿರಲಿಲ್ಲ.

ಎಲ್ಲರೂ ಕಣ್ಣು ಮುಚ್ಚಿದರು. ಚರ್ಚಿನೊಳಗೆ ಒಂದು ಕೆಮ್ಮೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಆಗ ಆ ಮೌನದಲ್ಲಿ, ಅಂಚನ್ನು ಹುಳ ತಿಂದ ದಾಸವಾಳದೊಳಗಿಂದ ಮಿಡತೆ ಹೊರಬಂತು. ಎಸಳಿನ ತುದಿಗೆ ಏರಿ, ಮುಂಗಾಲು ಜೋಡಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ ಬೊನಿಫಾಸ್‌ನನ್ನೇ ನೋಡಿತು.

ಅವನು ಕ್ಯಾಮೆರಾ ಎತ್ತಿದ. ಚಿತ್ರ ಸ್ಪಷ್ಟ ಮಾಡಲು ಲೆನ್ಸಿನ ರಿಂಗ್ ತಿರುಗಿಸೋಣವೆಂದರೆ ಎಡಭುಜದ ಮೇಲೆ ಡೆನಿಸರ ಭಾರವಾದ ಕೈ, ಎಡಗೈ ಎತ್ತಲಾಗಲಿಲ್ಲ. ರಿಂಗನ್ನು ಬಿಟ್ಟು, ಉಸಿರು ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಸರಿಸಿದ. ಮಸುಕು ತೆಳುವಾಯಿತು. ಮಿಡತೆಯ ಕಣ್ಣು ಮಣಿಯ ಹಾಗೆ ಹೊಳೆಯಿತು.

ಕ್ಲಿಕ್.

"ಆಮೆನ್" ಎಂದರು ಡೆನಿಸ್.

ಮಧ್ಯಾಹ್ನ ಹೊಸ ಅಕ್ಕಿಯ ಊಟ. ಪಾಯಸಕ್ಕೆಂದು ಕರೆದಿದ್ದ ಜಮಾಲುದ್ದೀನರೂ ಬಂದಿದ್ದರು. ಬೊನಿಫಾಸ್ ಒಂದೂ ಮಾತಾಡದೆ ಕ್ಯಾಮೆರಾವನ್ನು ಎಸ್ತೆರಳ ಮುಂದೆ ಹಿಡಿದ. ಅವಳು ಕನ್ನಡಕವನ್ನೂ ಹುಡುಕಲಿಲ್ಲ.

"ಅಯ್ಯೋ, ಮಿಡತೆ!" ಎಂದಳು. "ಕೈ ಮುಗಿದುಕೊಂಡು ಉಂಟು. ಮುಳ್ಳು ಮುಳ್ಳು ಕಾಲೂ ಕಾಣ್ತದೆ." ಇನ್ನೊಮ್ಮೆ ನೋಡಿ, "ಚಂದ ಉಂಟು. ಇಟ್ಟುಕೊಳ್ಳಿ ನಿಮ್ಮ ಕ್ಯಾಮೆರಾ" ಎಂದಳು.

ಮದುವೆಯಾದಂದಿನಿಂದ ಬೊನಿಫಾಸ್ ಯಾವ ವಾದವನ್ನೂ ಗೆದ್ದಿರಲಿಲ್ಲ. ಅವನು ಎರಡನೇ ಸಲ ಪಾಯಸ ಹಾಕಿಸಿಕೊಂಡ.

"ನೋಡುವ" ಎಂದು ಬ್ರಯಾನ್ ಕೈ ಒರೆಸಿಕೊಂಡು ಕ್ಯಾಮೆರಾ ತೆಗೆದುಕೊಂಡ. ನೋಡಿದ. ನೋಡುತ್ತಲೇ ಇದ್ದ.

"ಭಾವ, ಇದು ಇದೇ ಕ್ಯಾಮೆರಾದಲ್ಲಿ ತೆಗೆದದ್ದಾ?"

"ಮತ್ತೆ?"

"ಅಲ್ಲಿ ಇದರ ಹಿಂದೆ ನಾನು ಎಷ್ಟು ಕಷ್ಟಪಟ್ಟೆ ಗೊತ್ತುಂಟಾ? ಎಂತ ತೆಗೆದ್ರೂ ಹೊಗೆ ಬಂದ ಹಾಗೆ. ಹಾಳು ಪೀಸ್ ಅಂತ ನಾನು..." ಬ್ರಯಾನ್ ಅಲ್ಲಿಗೆ ನಿಲ್ಲಿಸಿದ.

"ಹಾಳು ಪೀಸ್ ಅಂತ ಭಾವನಿಗೆ ಕೊಟ್ಟದ್ದಾ?" ಎಂದಳು ಎಸ್ತೆರ್.

"ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ ಅಕ್ಕ. ನಿನ್ನೆ ನೀನು ಕ್ಯಾಮೆರಾ ನನ್ನ ಬ್ಯಾಗಿಗೆ ಅಂತ ಭಾವನಿಗೆ ಹೇಳುದು ಕೇಳಿ ನನಗೆ ತಲೆಬಿಸಿ ಆದದ್ದೇ ಅದಕ್ಕೆ. ಬ್ಯಾಗಲ್ಲಿ ಜಾಗ ಇಲ್ಲ ಅಂತ ಹೇಳುದು ಅಂತ ಇದ್ದೆ."

ಬ್ರಯಾನ್ ಕ್ಯಾಮೆರಾವನ್ನು ಕೆಳಗಿಡಲಿಲ್ಲ. ಮಗುವನ್ನು ಎತ್ತಿಕೊಂಡ ಹಾಗೆ ಮಡಿಲಲ್ಲಿ ಹಿಡಿದುಕೊಂಡಿದ್ದ. ಅದನ್ನು ನೋಡಿ ಬೊನಿಫಾಸ್‌ಗೆ ಸುಮ್ಮನಿರಲಾಗಲಿಲ್ಲ. ಮನೆಗೆ ಬಂದ ಭಾವಮೈದುನನಿಗೆ ಹೇಳಬೇಕಾದದ್ದನ್ನು ಅವನು ಹೇಳಿದ:

"ಬೇಕಾದ್ರೆ ತೆಗೊಂಡು ಹೋಗು ಬ್ರಯಾನ್. ನಿನ್ನದೇ ಅಲ್ವಾ."

ಇದಕ್ಕೆ ಬರಬೇಕಾದ ಉತ್ತರ "ಛೆ ಛೆ, ಬೇಡ ಭಾವ" ಎಂಬುದು. ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಉತ್ತರ. ಶಾರ್ಜಾದಲ್ಲಿ ಬಹಳ ವರ್ಷ ಇದ್ದ ಬ್ರಯಾನ್ ಅದನ್ನು ಮರೆತಿದ್ದ.

"ಥ್ಯಾಂಕ್ಸ್ ಭಾವ!" ಎಂದು ಎದ್ದು, ಬ್ಯಾಗಿನಿಂದ ಎಸ್ತೆರಳ ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಆ ಜಾಗದಲ್ಲಿ ಕ್ಯಾಮೆರಾ ಸರಿಯಾಗಿ ಕೂತಿತು.

"ಒಳ್ಳೇದಾಯ್ತು" ಎಂದರು ಜಮಾಲುದ್ದೀನ್, ಬಾಟಲಿಯ ಮುಚ್ಚಳ ತಿರುಗಿಸುತ್ತಾ. "ಉಪ್ಪಿನಕಾಯಿ ಇಲ್ಲಿಯೇ ಉಳೀತಲ್ಲ."

ಸಂಜೆ ಟ್ಯಾಕ್ಸಿ ಬಂತು. ಬ್ರಯಾನ್ ಕಿಟಕಿಯ ಗಾಜು ಇಳಿಸಿ ಕೇಳಿದ: "ಭಾವ, ಅದನ್ನು ಅಷ್ಟು ಕ್ಲಿಯರ್ ಮಾಡುದು ಹೇಗೆ?"

ಬೊನಿಫಾಸ್ ಕಿಟಕಿಯೊಳಗೆ ತಲೆ ತೂರಿಸಿ, ತಾಳ್ಮೆಯಿಂದ, ಎರಡೆರಡು ಸಲ ಹೇಳಿಕೊಟ್ಟ. "ರಿಂಗ್ ಮುಟ್ಟಬೇಡ. ಉಸಿರು ಹಿಡಿ. ಮೈಯನ್ನೇ ಮೆಲ್ಲ ಹಿಂದೆ ಮುಂದೆ ಮಾಡು. ಗೊತ್ತಾಯ್ತಾ?" ಬ್ರಯಾನ್ ಸೀಟಿನಲ್ಲೇ ಹಿಂದೆ ಮುಂದೆ ತೂಗಿ ಅಭ್ಯಾಸ ಮಾಡಿ ತೋರಿಸಿದ. "ಹಾಂ, ಹಾಗೇ" ಎಂದ ಬೊನಿಫಾಸ್.

ಟ್ಯಾಕ್ಸಿ ನಂತೂರಿನ ಲಾರಿಗಳ ನಡುವೆ ಸೇರಿ ಮರೆಯಾದ ಮೇಲೆ, ತಪ್ಪಾಗಿ ಹೇಳಿಕೊಡಬಹುದಿತ್ತು ಎಂದು ಅವನಿಗೆ ಹೊಳೆಯಿತು.